ಅಮಾವಾಸ್ಯೆಯ ಅಧ್ಯಕ್ಷರು

ಹೈದರಾಬಾದಿನ ಕನ್ನಡಿಗರ ಸಂಘ-ಸಂಸ್ಥೆಗಳ ಚರಿತ್ರೆಯನ್ನು ಮುಂದೊಂದು ದಿನ ಯಾರಾದರೂ ಬರೆಯಲು ಕೂತರೆ, ಭಾಷಣ ಮಾಡಿದವರಿಗೆ ಒಂದು ಅಧ್ಯಾಯ, ಹಾರ ಹಾಕಿಸಿಕೊಂಡವರಿಗೆ ಎರಡು ಅಧ್ಯಾಯ, ಕುರ್ಚಿಗಾಗಿ ಕಾದಾಡಿದವರಿಗೆ ಒಂದು ಪ್ರತ್ಯೇಕ ಸಂಪುಟವೇ ಬೇಕಾದೀತು. ಕುರ್ಚಿ ಜೋಡಿಸಿ, ಸಭೆ ಮುಗಿದ ಮೇಲೆ ಮತ್ತೆ ಅವನ್ನು ಮಡಚಿ ಒಳಗಿಟ್ಟವರಿಗೆ ಎಷ್ಟು ಸಾಲು ಸಿಕ್ಕೀತೋ ತಿಳಿಯದು. ಸಿಕ್ಕುವ ಆ ನಾಲ್ಕಾರು ಸಾಲುಗಳಲ್ಲಿ ಮೊದಲನೆಯದು ಶ್ರೀ ಶಿವಶರಣಪ್ಪನವರಿಗೆ ಸಲ್ಲಬೇಕೆಂಬುದರಲ್ಲಿ ಸನತ್‌ನಗರ ಕನ್ನಡ ಸೇವಾ ಬಳಗದ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವೇ ಉಸಿರಾಗಿರುವ ನಮ್ಮ ಬಳಗದಲ್ಲಿ ಇದು ಸಣ್ಣ ಮಾತೇನಲ್ಲ.

ಸನತ್‌ನಗರದ ಪಂಪು ತಯಾರಿಸುವ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಮೂವತ್ನಾಲ್ಕು ವರ್ಷ ದುಡಿದು, ಕಳೆದ ಜುಲೈ ಕೊನೆಯ ದಿನ ಅವರು ಬೀಗದ ಕೈಗೊಂಚಲನ್ನು ಮುಂದಿನವರಿಗೆ ಒಪ್ಪಿಸಿ ಮನೆಗೆ ನಡೆದರು. ಆ ಮೂವತ್ನಾಲ್ಕು ವರ್ಷಗಳ ಬಗ್ಗೆ ಬರೆಯಲು ಕಾರ್ಖಾನೆಯ ಮಿತ್ರರಿದ್ದಾರೆ. ಈ ಲೇಖನಕ್ಕೆ ಅಭಿನಂದನ ಗ್ರಂಥದ ಸಂಪಾದಕರು ಗೊತ್ತುಮಾಡಿಕೊಟ್ಟಿರುವುದು ಒಂದೇ ಒಂದು ವರ್ಷ: ೨೦೦೪ರ ಜುಲೈಯಿಂದ ೨೦೦೫ರ ಜೂನ್‌ವರೆಗೆ ಅವರು ಬಳಗದ ಅಧ್ಯಕ್ಷರಾಗಿದ್ದ ವರ್ಷ. ಆ ವರ್ಷದ ಬಗ್ಗೆ ಏನು ಬರೆಯಬೇಕೆಂದು ಕೇಳಿದ್ದಕ್ಕೆ ಅವರು ಮೊಣಕಾಲು ನೀವಿಕೊಂಡು, "ಆ ವರ್ಷ ನೆನಸಿದ್ರ ಕಾಲು ನೋಯ್ತಾವ್ರಿ" ಎಂದಷ್ಟೇ ಹೇಳಿದರು.

ಆಗ ಬಳಗದ ಕಾರ್ಯದರ್ಶಿಯಾಗಿದ್ದವಳು ಟೆಲಿಫೋನ್ ಇಲಾಖೆಯ ವನಜಾ. ಇದನ್ನು ಬರೆಯುತ್ತಿರುವವಳೂ ಆಕೆಯೇ. ಆದರೆ ಅಭಿನಂದನ ಗ್ರಂಥಗಳಲ್ಲಿ ಲೇಖಕರು 'ನಾನು, ನಾನು' ಎಂದು ತಮ್ಮನ್ನೇ ಅಭಿನಂದಿಸಿಕೊಳ್ಳುವುದನ್ನು ಬೇಕಾದಷ್ಟು ಓದಿ ಬೇಸತ್ತಿರುವುದರಿಂದ, ಆಕೆ ಇಲ್ಲಿ ವನಜಾ ಆಗಿಯೇ ಒಂದು ಮೂಲೆಯಲ್ಲಿ ಇರುತ್ತಾಳೆ. ಶಿವಶರಣಪ್ಪನವರ ಮನಸ್ಸಿನೊಳಗಿನ ಸಂಗತಿಗಳಾಗಿ ಇಲ್ಲಿ ಬರುವುದೆಲ್ಲ ಅವರೇ ಆ ಮೇಲೆ ಆಸ್ಪತ್ರೆಯ ವ್ಯಾನಿನಲ್ಲಿ ಕೂತು, ತೂಕಡಿಕೆಯ ನಡುವೆ, ತುಂಡು ತುಂಡಾಗಿ ಹೇಳಿದವು.

ಅವರು ಅಧ್ಯಕ್ಷರಾದದ್ದು ತಮ್ಮ ಅರ್ಹತೆಯಿಂದಲ್ಲ, ಉಳಿದವರಿಗೆ ಪುರಸೊತ್ತಿಲ್ಲದ್ದರಿಂದ. ಆ ವರ್ಷ ಊರಿನಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ. ಮಾಧಾಪುರದ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅವುಗಳ ಆಚೆಗಿನ ಬಯಲಿನಲ್ಲಿ ಪ್ಲಾಟು ನೋಡಲು ಬಳಗದ ಹಿರಿಯರೆಲ್ಲ ಭಾನುವಾರ ಬಂತೆಂದರೆ ಬಾಡಿಗೆ ಕಾರು ಮಾಡಿಕೊಂಡು ಹೊರಡುತ್ತಿದ್ದರು. ಯಾವ ಪ್ಲಾಟೂ ನೋಡದೆ, ಕಾರ್ಖಾನೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಬಳಗ ಎಂದಿದ್ದ ಶಿವಶರಣಪ್ಪನವರು ಕಣ್ಣಿಗೆ ಬಿದ್ದರು. ಮೂರು ಸಲ ಬೇಡವೆಂದರು. ನಾಲ್ಕನೆಯ ಸಲ ಬೇಡವೆನ್ನಲೂ ಅವರಿಗೆ ದಣಿವಾಗಿರಬೇಕು, ಒಪ್ಪಿಕೊಂಡರು. ಸುಲ್ತಾನ್ ಬಜಾರಿನಲ್ಲಿ ಜವಳಿ ಅಂಗಡಿ ಇಟ್ಟಿರುವ ಚಂದ್ರಕಾಂತ ಸಾವ್ಕಾರರು ಅವರ ಕೊರಳಿಗೆ ಹಾರ ಹಾಕಿ, "ಏನೂ ಕೆಲಸ ಇರೂದಿಲ್ರಿ ಅಧ್ಯಕ್ಷರ. ನವೆಂಬರಿನ್ಯಾಗ ರಾಜ್ಯೋತ್ಸವ, ಜನವರಿಯಾಗ ನಾಂಪಲ್ಲಿ ಎಕ್ಸಿಬಿಶನ್ನಿನ್ಯಾಗ ನೀರಿನ ಅರವಟ್ಟಿಗಿ. ಮುಗೀತು" ಎಂದು ಧೈರ್ಯ ತುಂಬಿದರು.

ಹಾಗೇ ಮುಗಿದಿದ್ದರೆ ಈ ಲೇಖನವೂ ಇಲ್ಲಿಗೇ ಮುಗಿಯುತ್ತಿತ್ತು.

ಅದೇ ಜುಲೈಯಲ್ಲಿ ಮಾಧಾಪುರದ ಕಟ್ಟಡವೊಂದಕ್ಕೆ ಕೂರಿಸಿದ್ದ ಪಂಪಿನ ಬಿಡಿಭಾಗದ ತಕರಾರು ಬಂದು, ಅದನ್ನು ನೋಡಿ ಬರಲು ಶಿವಶರಣಪ್ಪನವರು ಹೋಗಿದ್ದರು. ಸಂಜೆ ಬಸ್‌ಸ್ಟಾಪಿನಲ್ಲಿ ಒಬ್ಬ ಹೆಂಗಸು, ತಲೆಯ ಮೇಲಿನ ಸಿಂಬೆಯನ್ನೂ ತೆಗೆಯದೆ ನಿಂತಿದ್ದವಳು, ಬಂದ ಬಸ್ಸಿಗೆಲ್ಲ ಪಕ್ಕದವರನ್ನು "ಯಾವ ನಂಬರ್ರಿ ಇದು?" ಎಂದು ಕೇಳುತ್ತಿದ್ದಳು. ಓದು ಬಾರದವರು ಕೇಳುವುದು ಸಹಜ. ಆದರೆ ಈಕೆ ಬಸ್ಸಿನ ಕಡೆಗೆ ಮುಖವನ್ನೇ ತಿರುಗಿಸದೆ, ಅದರ ಸದ್ದಿನ ಕಡೆಗೆ ಕಿವಿ ಕೊಟ್ಟು ಕೇಳುತ್ತಿದ್ದಳು. ಶಿವಶರಣಪ್ಪನವರಿಗೆ ಅದು ತಟ್ಟನೆ ಗೊತ್ತಾಯಿತು. ಗೊತ್ತಾಗಲು ಕಾರಣವಿತ್ತು. ಅವರ ಎಡಗಣ್ಣಿಗೂ ಎರಡು ವರ್ಷದಿಂದ ಹಾಲುಬಣ್ಣದ ಪೊರೆ ಬಂದಿತ್ತು. ಕಾರ್ಖಾನೆಯಲ್ಲಿ ಯಾರಿಗೂ ತಿಳಿಯದ ಹಾಗೆ, ಚೀಟಿಯ ಮೇಲಿನ ನಂಬರು ಓದುವ ಬದಲು ವಾಲ್ವು, ಬೇರಿಂಗುಗಳನ್ನು ಕೈಯಿಂದ ಮುಟ್ಟಿ ಗುರುತು ಹಿಡಿದು ಕೊಡುತ್ತಿದ್ದರು. ಪತ್ನಿ ಶೈಲಶ್ರೀಯವರು ಆಪರೇಶನ್ ಮಾಡಿಸಿಕೊಳ್ಳಿರೆಂದು ಹೇಳಿ ಹೇಳಿ ಸೋತಿದ್ದರು. ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ ಎನ್ನುವಂತೆ ಅವರು ಆಕೆಯನ್ನು ಗುರುತಿಸಿದರು.

ಹೆಸರು ಗುರುಬಾಯಿ. ಶಹಾಪುರದ ಕಡೆಯವಳು. ಎರಡೂ ಕಣ್ಣಿಗೆ ಪೊರೆ. ಮಗಳು ರೇಣುಕಾಳ ಜೊತೆಗೆ ಅದೇ ಕಟ್ಟಡದಲ್ಲಿ ಬುಟ್ಟಿ ಹೊರುತ್ತಿದ್ದಳು. ಬಸ್ಸು ಬರುವ ಹೊತ್ತಿಗೆ, ಶಿವಶರಣಪ್ಪನವರೂ ಮೂಲತಃ ತನ್ನ ತಾಲೂಕಿನವರೆಂದು ತಿಳಿದ ಸಲುಗೆಯಲ್ಲಿ, ಆಕೆ ತನ್ನ ಗುಟ್ಟನ್ನೂ ಹೇಳಿಬಿಟ್ಟಳು. "ಹದಿನೆಂಟು ಹೆಜ್ಜಿ ಏರು, ಎಡಕ್ಕ ತಿರುವು, ಮತ್ತ ಹನ್ನೆರಡು ಹೆಜ್ಜಿ. ಎಣಿಸ್ಕೋತ ಹೋಗ್ತೀನ್ರಿ ಯಣ್ಣಾ. ಮೇಸ್ತ್ರಿಗೆ ಗೊತ್ತಾದ್ರ ಅವತ್ತ ಊರಿಗೆ ಕಳಸ್ತಾನ. ಊರಾಗ ಏನೈತಿ?"

ಶಿವಶರಣಪ್ಪನವರು ಆ ಹೆಜ್ಜೆಗಳನ್ನು ಎಣಿಸುತ್ತಲೇ ಮನೆ ಸೇರಿದರು. ಆ ವಾರದ ಸಭೆಯಲ್ಲಿ ಎದ್ದುನಿಂತು, ಅರವಟ್ಟಿಗೆ ಯಾರು ಬೇಕಾದರೂ ಇಡುತ್ತಾರೆ, ನಾವು ಮಾಧಾಪುರದ ಕೂಲಿಕಾರರಿಗೆ ಕಣ್ಣಿನ ಕ್ಯಾಂಪು ಮಾಡೋಣ ಎಂದರು. ಅಧ್ಯಕ್ಷರಾದ ಮೇಲೆ ಅದು ಅವರ ಮೊದಲ ಮಾತಾಗಿದ್ದರಿಂದ ಯಾರೂ ಅಡ್ಡ ಬರಲಿಲ್ಲ.

ಆಗಸ್ಟ್ ಕೊನೆಯ ಭಾನುವಾರವೆಂದು ಗೊತ್ತಾಯಿತು. ಅದಕ್ಕಾಗಿ ಅವರು ಸವೆಸಿದ ಚಪ್ಪಲಿಯ ಲೆಕ್ಕ ಬೇಡ. ಶಾಲೆಯೊಂದರ ಎರಡು ಕೋಣೆ ಬೇಡಿ ತಂದರು. ಕಣ್ಣಾಸ್ಪತ್ರೆಯೊಂದರ ಡಾಕ್ಟರರನ್ನು ಒಪ್ಪಿಸಿದರು. ಹನ್ನೊಂದು ಕಟ್ಟಡಗಳ ತಗಡಿನ ಗುಡಿಸಲುಗಳಿಗೆ ತಾವೇ ನಡೆದು ಕನ್ನಡದಲ್ಲಿ ಅಚ್ಚು ಹಾಕಿಸಿದ ಕರಪತ್ರ ಹಂಚಿದರು. ಕರಪತ್ರ ಪಡೆದವರು ಅದನ್ನು ಕಣ್ಣಿಗೆ ಒತ್ತಿಕೊಂಡು, "ಆಯ್ತ್ರಿ" ಎಂದರು. ಬರುತ್ತೇವೆ ಎಂದು ಯಾರೂ ಅನ್ನಲಿಲ್ಲವೆಂಬುದು ಆಗ ಯಾರ ಗಮನಕ್ಕೂ ಬರಲಿಲ್ಲ.

ಭಾನುವಾರ ಬೆಳಗ್ಗೆ ನಾಲ್ಕು ನೂರು ಜನಕ್ಕೆ ಪಲಾವು ಸಿದ್ಧವಾಯಿತು. ಬಳಗದ ಹೆಂಗಸರು ಇಳಕಲ್ ಸೀರೆಯುಟ್ಟು ಸಾಲಾಗಿ ನಿಂತರು. ಬಂದವರು ಹನ್ನೊಂದು ಜನ. ಅದರಲ್ಲಿ ಏಳು ಮಂದಿ ಬಳಗದವರ ಬೀಗರು, ನೆಂಟರು. ಡಾಕ್ಟರರು ಪೇಪರು ಓದಿದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ರೇಣುಕಾ, ಮೈತುಂಬ ಸಿಮೆಂಟಿನ ಧೂಳು, ಓಡುತ್ತ ಬಂದು ಬಾಗಿಲಲ್ಲೇ ನಿಂತು ಹೇಳಿದಳು: "ಇವತ್ತ ಸ್ಲ್ಯಾಬ್ ಹಾಕಾಕತ್ತಾರ್ರಿ, ಯಾರನ್ನೂ ಬಿಡೂದಿಲ್ಲ. ಅವ್ವ ಹೇಳ್ಯಾಳ, ಸಿಟ್ಟಾಗಬ್ಯಾಡ್ರಿ ಅಂತ. ಅಮಾಸಿಗಿ ಇಟ್ಟಿದ್ರ ಎಲ್ಲಾರೂ ಬರ್ತಿದ್ರು."

ವನಜಾ ಆ ಮಾತನ್ನು ಒಂದು ನೆಪವೆಂದು ತಿಳಿದಳು. ಶಿವಶರಣಪ್ಪನವರ ಮುಖ ನೋಡಿದ ಮೇಲೆ ನೆಪವಲ್ಲವೆಂದು ಗೊತ್ತಾಯಿತು. ಅವರು ಮೂಲೆಯ ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಅವರ ತಂದೆ ಚಂದ್ರಾಮ ಗೌಂಡಿ ಕೆಲಸದವರು. ಶಹಾಪುರದಿಂದ ಬಂದು ಸನತ್‌ನಗರದ ಎಷ್ಟೋ ಕಾರ್ಖಾನೆಗಳ ಗೋಡೆ ಎಬ್ಬಿಸಿದವರು. ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ ಮಾತ್ರ, ಅವರು ಕರಣೆ ಮುಟ್ಟುತ್ತಿರಲಿಲ್ಲ. ಕರಣೆಯನ್ನೂ ಗೋಡೆಯ ನೇರ ನೋಡುವ ಓಳಂಬದ ಗುಂಡನ್ನೂ ತೊಳೆದು, ವಿಭೂತಿ ಹಚ್ಚಿ, ಜಗಲಿಯ ಮೇಲಿಟ್ಟು ಕಾಯಿ ಒಡೆಯುತ್ತಿದ್ದರು. ಆ ಕಾಯಿಯ ಚೂರು ತಿಂದೇ ಶಿವಶರಣಪ್ಪನವರು ಬೆಳೆದದ್ದು. ಆ ಕಡೆಯ ಗೌಂಡಿಗಳು ಇಂದಿಗೂ ಆ ರೂಢಿ ಬಿಟ್ಟಿಲ್ಲ; ಎಂಥ ಅವಸರದ ಗುತ್ತಿಗೆದಾರನೂ ಅಮಾವಾಸ್ಯೆಯ ದಿನ ಅವರ ಕೈಗೆ ಕರಣೆ ಕೊಡಲಾರ. ಭಾನುವಾರದ ರಜೆ ತಿನ್ನುವ ನೌಕರಿಗೆ ಸೇರಿದ ಮೂವತ್ತು ವರ್ಷದಲ್ಲಿ, ಗೌಂಡಿಯ ಮಗ ಅಮಾವಾಸ್ಯೆಯನ್ನು ಮರೆತುಬಿಟ್ಟಿದ್ದ.

"ಮಂದಿಗೆ ಗೊತ್ತಿಲ್ಲ ಅಂದ್ರ ಒಂದ ಮಾತು. ನನಗ ಗೊತ್ತಿರಬೇಕಾಗಿತ್ತಲ್ರಿ ವನಜಾ ಮೇಡಂ" ಎಂದರು. ಪಲಾವನ್ನು ಆಟೋದಲ್ಲಿ ಹೇರಿಕೊಂಡು ಗುಡಿಸಲು ಗುಡಿಸಲಿಗೆ ತಾವೇ ಹಂಚಿ ಬಂದರು.

ಎಂಟು ದಿನಕ್ಕೆ ಗುರುಬಾಯಿ ಬಿದ್ದಳು. ಸ್ಲ್ಯಾಬು ಮೇಲಿನ ಮಹಡಿಗೆ ಹೋದಾಗ ಹಲಗೆಯ ಏರನ್ನೂ ಬದಲಿಸಿದ್ದರು. ಹೊಸ ಏರಿಗೆ ಹದಿನಾರೇ ಹೆಜ್ಜೆ. ಆಕೆ ಹದಿನೆಂಟು ಎಣಿಸಿದಳು. ಪುಣ್ಯಕ್ಕೆ ಕೆಳಗೆ ಮರಳ ರಾಶಿಯಿತ್ತು, ಎಡಗೈಯ ಮಣಿಕಟ್ಟು ಮಾತ್ರ ಮುರಿಯಿತು. ಆದರೆ ಗುಟ್ಟು ರಟ್ಟಾಯಿತು. ತಿಂಗಳ ಕೊನೆಗೆ ಊರಿಗೆ ಹೋಗುವ ಕೂಲಿಕಾರರ ಲಾರಿಯಲ್ಲಿ ಹತ್ತಿಸುವುದೆಂದು ಮೇಸ್ತ್ರಿ ಹೇಳಿದ.

ಶಿವಶರಣಪ್ಪನವರು ಹೋದಾಗ ಆಕೆ ಗುಡಿಸಲ ಮುಂದೆ ಕೂತು ಒಂದೇ ಕೈಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವರು ಕ್ಷಮೆ ಕೇಳಲು ಹೋಗಿದ್ದರು. ಆಕೆಯೇ ಅವರಿಗೆ ಸಮಾಧಾನ ಹೇಳಿದಳು: "ನೀವರ ಏನ ಮಾಡ್ತೀರಿ ಯಣ್ಣಾ? ನಿಮಗ ಐತವಾರ ಸೂಟಿ, ನಮಗ ಅಮಾಸಿ." ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತೆಂದು ಅವರು ಎಷ್ಟೋ ಸಲ ಹೇಳಿದ್ದಾರೆ. ಅಮಾವಾಸ್ಯೆಗೆ ಇನ್ನು ಏಳು ದಿನವಿತ್ತು. ಲಾರಿ ಹೊರಡಲು ಮೂರು ವಾರ. ಅಷ್ಟರೊಳಗೆ ಆಕೆಗೆ ಕಣ್ಣು ಬಂದರೆ ಹೈದರಾಬಾದು, ಬಾರದಿದ್ದರೆ ಊರಿನ ಕಟ್ಟೆಯ ಮೇಲೆ ಕೂತು ಉಳಿದ ಆಯುಷ್ಯ.

ಮರುದಿನದ ಸಭೆ ಬಳಗದ ಚರಿತ್ರೆಯಲ್ಲಿ ಅತಿ ಉದ್ದದ್ದು. ಪ್ರತಿ ಅಮಾವಾಸ್ಯೆಗೆ ಕ್ಯಾಂಪು ಎಂದು ಅಧ್ಯಕ್ಷರು ಹೇಳಿದ್ದೇ ತಡ, ಮಂಗಳವಾರ ಬುಧವಾರ ಯಾರು ರಜೆ ಕೊಡುತ್ತಾರೆ ಎಂದು ನೌಕರರು ಎದ್ದರು. ವ್ಯಾಪಾರಸ್ಥರಿಗೆ ರಜೆಯ ಚಿಂತೆಯಿರಲಿಲ್ಲ, ಅವರಿಗೆ ಶಕುನದ ಚಿಂತೆ. "ಅಮಾಸಿ ದಿನ ನಾ ಹೊಸಾ ಬಟ್ಟಿ ಥಾನ ಬಿಚ್ಚೂದಿಲ್ಲ, ನೀವು ಮಂದಿ ಕಣ್ಣ ಬಿಚ್ಚಸ್ತೀನಿ ಅಂತೀರಲ್ರಿ!" ಎಂದರು ಚಂದ್ರಕಾಂತ ಸಾವ್ಕಾರರು. 'ಅಮಾಸಿ ಅಧ್ಯಕ್ಷರು' ಎಂಬ ಬಿರುದನ್ನು ಅಂದೇ ದಯಪಾಲಿಸಿದವರೂ ಅವರೇ. ಶಿವಶರಣಪ್ಪನವರು ವಾದ ಮಾಡಲಿಲ್ಲ. "ಯಾರೂ ಬರದಿದ್ರೂ ನಡೀತದರಿ. ನಾ ರಜಾ ಹಾಕ್ತೀನಿ" ಎಂದು ಕೂತರು. ಕಾರ್ಯದರ್ಶಿಗೂ ರಜೆ ಹಾಕದೆ ಗತ್ಯಂತರವಿರಲಿಲ್ಲ.

ಇಬ್ಬರೂ ಅದೇ ಕಣ್ಣಾಸ್ಪತ್ರೆಗೆ ಹೋಗಿ ತಲೆ ತಗ್ಗಿಸಿ ನಿಂತಾಗ, ರಾಯಚೂರಿನವರಾದ ಡಾಕ್ಟರ್ ಉಷಾ ಅವರು ನಕ್ಕರು. ಅಮಾವಾಸ್ಯೆ ಎಂದರೆ ಅವರ ಆಪರೇಶನ್ ಕೋಣೆ ಖಾಲಿ ಬಿದ್ದಿರುವ ದಿನ. ದುಡ್ಡಿದ್ದವರು, ಇಲ್ಲದವರು, ಯಾರೂ ಅಂದು ಕತ್ತರಿ ಹಾಕಿಸಿಕೊಳ್ಳಲು ಬರುವುದಿಲ್ಲ. "ಎಷ್ಟು ಮಂದಿ ಕರಕೊಂಡ ಬರ್ತೀರಿ ಬರ್ರಿ. ಹಾಸಿಗಿ ಎಲ್ಲಾ ಖಾಲಿ ಅದಾವ" ಎಂದರು. ಊರಿಗೆಲ್ಲ ಬೇಡವಾದ ದಿನ ಹೀಗೆ ಗೌಂಡಿಗಳ ಪಾಲಿಗೆ ಬಂತು.

ಸೆಪ್ಟೆಂಬರ್ ಹದಿನಾಲ್ಕರ ಮಂಗಳವಾರ, ಅಮಾವಾಸ್ಯೆ. ಅದೇ ಶಾಲೆಯ ಕೋಣೆಗಳು ಸಿಗಲಿಲ್ಲ, ಗುಡಿಸಲುಗಳ ನಡುವಿನ ಬಯಲಿನಲ್ಲೇ ಶಾಮಿಯಾನ ಹಾಕಿದರು. ತಲೆ ತೊಳೆದುಕೊಂಡು, ಮಡಿ ಬಟ್ಟೆ ಉಟ್ಟು, ನೂರಾ ನಲವತ್ತು ಜನ ಬಂದರು. ಪರೀಕ್ಷೆ ಮುಗಿದಾಗ ಮೂವತ್ತೊಂದು ಜನಕ್ಕೆ ಆಪರೇಶನ್ ಬೇಕೆಂದಾಯಿತು. ಆಸ್ಪತ್ರೆಯ ವ್ಯಾನು ಬಂದು ನಿಂತಿತು. ಬಾಗಿಲು ತೆರೆಯಿತು. ಒಬ್ಬರೂ ಹತ್ತಲಿಲ್ಲ.

ಯಾರೂ ಲೆಕ್ಕ ಹಾಕದೆ ಬಿಟ್ಟ ಸಂಗತಿ ಇದು. ಅಮಾವಾಸ್ಯೆಯ ದಿನ ಕಬ್ಬಿಣ ಮುಟ್ಟಬಾರದೆಂದೇ ಅಲ್ಲವೇ ಅವರು ಕರಣೆ ಕೆಳಗಿಡುವುದು? ಅಂಥ ದಿನ ಕಣ್ಣಿಗೇ ಕಬ್ಬಿಣ ಮುಟ್ಟಿಸಿಕೊಳ್ಳುವುದೆಂದರೆ! ನೋಡಿಸಿಕೊಳ್ಳಲು ಅಡ್ಡಿಯಿಲ್ಲ, ಕೊಯ್ಯಿಸಿಕೊಳ್ಳಲು ಮಾತ್ರ ಆಗದು. ಹಿರಿಯ ಗೌಂಡಿ ಹಂಪಯ್ಯ ಬಹಳ ವಿನಯದಿಂದ, "ನಾಳಿಗಿ ಇಟ್ಟಿದ್ರ ಬರ್ತಿದ್ವಿ, ಆದ್ರ ನಾಳಿಗಿ ಕೆಲಸ ಐತಲ್ರಿ" ಎಂದ. ಗುರುಬಾಯಿಯೂ ಮಗಳ ಭುಜ ಹಿಡಿದು ಹಿಂದೆ ಸರಿದಿದ್ದಳು.

ಶಿವಶರಣಪ್ಪನವರು ಬೆಳಗಿನಿಂದ ನಿಂತೇ ಇದ್ದರು. ಆ ಹೊತ್ತಿನಲ್ಲಿ ತಮಗೆ ಬಂದದ್ದು ಧೈರ್ಯವಲ್ಲ, ಸುಸ್ತು ಎಂದು ಅವರು ಹೇಳುತ್ತಾರೆ. ಬೇಡಿಕೊಳ್ಳಲು, ತಿಳಿಹೇಳಲು, ಇನ್ನೊಂದು ಭಾಷಣ ಮಾಡಲು ತ್ರಾಣವಿರಲಿಲ್ಲವಂತೆ. ಕನ್ನಡಕ ತೆಗೆದು ಜೇಬಿಗಿಟ್ಟರು. "ನಂದೂ ಎಡಗಣ್ಣ ಹೋಗೇತಿ. ಎರಡ ವರ್ಷ ಆತು, ಮನ್ಯಾಗ ಬಿಟ್ರ ಯಾರಿಗೂ ಹೇಳಿಲ್ಲ. ನಾನೂ ಗೌಂಡಿ ಮಗಾನ. ನಾ ಹೊಂಟೆ" ಎಂದವರೇ ವ್ಯಾನು ಹತ್ತಿ ಕೂತುಬಿಟ್ಟರು. ವನಜಾ ಕಕ್ಕಾಬಿಕ್ಕಿಯಾಗಿ ನಿಂತಳು. ಕಣ್ಣಿನ ಸಂಗತಿ ಆಕೆಗೂ ಗೊತ್ತಿರಲಿಲ್ಲ. ಆಪರೇಶನ್ನಿನ ಸಂಗತಿ ಶೈಲಶ್ರೀಯವರಿಗೂ ಗೊತ್ತಿರಲಿಲ್ಲ.

ಯಾರೂ ಮಿಸುಕಲಿಲ್ಲ. ಡ್ರೈವರು ಇಂಜಿನ್ನು ಶುರುಮಾಡಿದ. ಆಗ ಗುರುಬಾಯಿ ಮಗಳ ಭುಜ ಬಿಟ್ಟು, ಇಂಜಿನ್ನಿನ ಸದ್ದಿನ ಕಡೆಗೆ ತಾನೇ ನಡೆದು ಬಂದು, ಪಟ್ಟಿ ಕಟ್ಟದ ಕೈಯಿಂದ ವ್ಯಾನಿನ ಬಾಗಿಲು ತಡವಿದಳು. "ನಮ್ಮೂರ ಕಡ್ಯಾವರು ಒಬ್ಬರ ಹೋಗೂದು ಬ್ಯಾಡ. ತಡೀರಿ ಯಣ್ಣಾ, ನಾನೂ ಬರ್ತೀನಿ."

ಅಂದು ಹೋದವರು ಇಬ್ಬರೇ.

ಮರುದಿನ ಬೆಳಗ್ಗೆ ಪಟ್ಟಿ ಬಿಚ್ಚುವಾಗ ಅಲ್ಲಿ ಶೈಲಶ್ರೀಯವರಿದ್ದರು. ರಾತ್ರಿಯೆಲ್ಲ ಬೈದು ಬೈದು ಅವರ ಗಂಟಲು ಕಟ್ಟಿತ್ತು. ಗುರುಬಾಯಿಯ ಒಂದು ಕಣ್ಣಿನ ಪಟ್ಟಿ ಬಿಚ್ಚಿದರು. ಆಕೆ ಬೆಳಕಿಗೆ ಕಣ್ಣು ಕಿರಿದು ಮಾಡಿ, ಎದುರಿಗೆ ಕೂತಿದ್ದ ಅಧ್ಯಕ್ಷರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಹಲ್ಲು ಬಿಟ್ಟು ನಕ್ಕಳು. "ಅಯ್ಯ, ಇಷ್ಟ ವಯಸ್ಸಾಗೇತೇನ್ರಿ ನಿಮಗ! ದನಿ ಕೇಳಿ ಯಣ್ಣಾ ಅಂತಿದ್ದೆ. ಯಪ್ಪಾ ಅನ್ನಬೇಕಾಗಿತ್ತಲ್ರಿ!" ಗಂಟಲು ಕಟ್ಟಿದ್ದ ಶೈಲಶ್ರೀಯವರೂ ನಕ್ಕರು. ಶಿವಶರಣಪ್ಪನವರು ಅತ್ತರು, ಪಟ್ಟಿ ಬಿಚ್ಚಿದ ಕಣ್ಣಿಗೆ ಅಳು ಒಳ್ಳೆಯದಲ್ಲವೆಂದು ಡಾಕ್ಟರ್ ಉಷಾ ಗದರಿದರು. ಅಂದಿನಿಂದ ಆಕೆಗೆ ಅವರು ಯಪ್ಪ.

ತಿಂಗಳ ಕೊನೆಯ ಲಾರಿ ಆಕೆಯಿಲ್ಲದೆ ಹೋಯಿತು. ಹಳೆಯ ಮೇಸ್ತ್ರಿ ಮತ್ತೆ ಸೇರಿಸಿಕೊಳ್ಳಲಿಲ್ಲ. ಕೈ ಕೂಡಿದ ಮೇಲೆ ಆಕೆ ಪಕ್ಕದ ಕಟ್ಟಡದಲ್ಲಿ ಕೆಲಸ ಹಿಡಿದಳು, ಅಲ್ಲಿ ಹೆಜ್ಜೆ ಎಣಿಸುವ ಅಗತ್ಯ ಬೀಳಲಿಲ್ಲ. ಅಕ್ಟೋಬರಿನ ಅಮಾವಾಸ್ಯೆಗೆ ವ್ಯಾನಿನ ಬಾಗಿಲಲ್ಲಿ ನಿಂತು, "ಏರ್ರಿ, ಏರ್ರಿ, ಯಾಕ ಹೆದರ್ತೀರಿ? ನನ್ನ ನೋಡ್ರಿ" ಎಂದು ಜನರನ್ನು ಒಳಗೆ ನೂಕಿದವಳು ಆಕೆಯೇ. ಅಂದು ಹಂಪಯ್ಯನ ಸಮೇತ ಹತ್ತೊಂಬತ್ತು ಜನ ಹತ್ತಿದರು. ಬಳಗದ ಕರಪತ್ರ, ಬ್ಯಾನರು, ಅಧ್ಯಕ್ಷರ ವಿನಂತಿ, ಇವೆಲ್ಲ ಸೇರಿ ಮಾಡಲಾಗದ್ದನ್ನು ಆಕೆಯ ಎರಡು ಕೈ ಮಾಡಿದವು.

ಇಲ್ಲಿಂದ ಮುಂದೆ ಸಂಭ್ರಮದ ಕತೆ ಬರಬೇಕೆಂದು ಓದುಗರು ಬಯಸಿದರೆ ತಪ್ಪಲ್ಲ. ಆದರೆ ಆ ವರ್ಷದ ಹತ್ತು ಅಮಾವಾಸ್ಯೆಗಳಲ್ಲಿ ಸಂಭ್ರಮಕ್ಕಿಂತ ದಣಿವೇ ಹೆಚ್ಚಾಗಿತ್ತು. ಒಂದು ಕಟ್ಟಡ ಮುಗಿದರೆ ಅದರ ಗುಡಿಸಲುಗಳು ಎರಡು ದಿನದಲ್ಲಿ ಮಾಯವಾಗುತ್ತಿದ್ದವು. ಕಣ್ಣಿಗೆ ಔಷಧಿ ಹಾಕಿಸಿಕೊಳ್ಳಬೇಕಾದವರು ಗಚ್ಚಿಬೌಲಿಗೋ ಕೊಂಡಾಪುರಕ್ಕೋ ಹೋಗಿರುತ್ತಿದ್ದರು. ಕಾರ್ಖಾನೆ ಬಿಟ್ಟ ಮೇಲೆ ಶಿವಶರಣಪ್ಪನವರು ಬಸ್ಸು ಬದಲಿಸಿ ಬದಲಿಸಿ ಅವರನ್ನು ಹುಡುಕಿ ಹೋಗುತ್ತಿದ್ದರು. ರಜೆಗಳು ಮುಗಿದು ಸಂಬಳ ಕಡಿತವಾಗತೊಡಗಿತು. ಕಾರ್ಖಾನೆಯ ಮ್ಯಾನೇಜರು, "ಕ್ಯಾ ಶರಣಪ್ಪಾ, ಹರ್ ಅಮಾವಾಸ್ ಕೋ ಭೂತ್ ಚಢ್ತಾ ಕ್ಯಾ?" ಎಂದು ಕೇಳಿದರು. ಅಮಾವಾಸ್ಯೆಗೆ ಭೂತ ಹಿಡಿಯುತ್ತದೆಂಬ ಆ ಮಾತು ಹರಡಿ, ಉಗ್ರಾಣದ ಹಮಾಲರಿಬ್ಬರು ಅವರಿಂದ ತಾಯತ ಕಟ್ಟಿಸಿಕೊಳ್ಳಲು ಬಂದದ್ದೂ ಉಂಟು.

ಸೋತ ಲೆಕ್ಕವನ್ನೂ ಹೇಳಬೇಕು. ಹುಲಗೇಶನೆಂಬ ಕಂಬಿ ಕಟ್ಟುವವನು ಡಿಸೆಂಬರಿನಲ್ಲಿ ಬಂದ. ಕಣ್ಣಿನ ಒತ್ತಡದಿಂದ ನರ ಸತ್ತುಹೋಗಿತ್ತು, ಆರು ತಿಂಗಳ ಹಿಂದೆ ಬಂದಿದ್ದರೆ ಏನಾದರೂ ಮಾಡಬಹುದಿತ್ತೆಂದು ಡಾಕ್ಟರರು ಹೇಳಿದರು. ಅವನನ್ನು ಶಹಾಪುರದ ಬಸ್ಸಿನವರೆಗೆ ಕೈಹಿಡಿದು ಕರೆದೊಯ್ದು ಕೂರಿಸಿ ಬಂದವರು ಶಿವಶರಣಪ್ಪನವರು. ಆ ವರ್ಷ ಎಷ್ಟು ಜನಕ್ಕೆ ಕಣ್ಣು ಬಂತೆಂದು ಕೇಳಿದರೆ ಅವರಿಗೆ ಸಂಖ್ಯೆ ನೆನಪಾಗುವುದಿಲ್ಲ. ಹುಲಗೇಶನ ಸೀಟು ಎಡಗಡೆಯ ಎರಡನೇ ಸಾಲಿನದೆಂಬುದು ನೆನಪಿದೆ.

ಒಂದು ದಿನ ಮಾತ್ರ ಬೇರೆ ಬಗೆಯದಾಗಿತ್ತು. ಜನವರಿ ಹತ್ತು, ಸೋಮವಾರ, ಎಳ್ಳಮಾವಾಸ್ಯೆ. ಊರಿನಲ್ಲಾಗಿದ್ದರೆ ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯವಾಗಿ ಅಡುಗೆಯ ಚರಗ ಚೆಲ್ಲಿ, ಉಣ್ಣುವ ದಿನ. ಗುಡಿಸಲಿನ ಹೆಂಗಸರು ಸಜ್ಜೆ ರೊಟ್ಟಿ ತಟ್ಟಿದ್ದರು, ಕಾಳು-ಸೊಪ್ಪಿನ ಭಜ್ಜಿ ಕುದಿಸಿದ್ದರು, ಅಂಬಲಿ ಕಾಯಿಸಿದ್ದರು. ಚರಗ ಚೆಲ್ಲಲು ಹೊಲವಿರಲಿಲ್ಲ. ಸುತ್ತ ಗಾಜು, ಕಾಂಕ್ರೀಟು, ಕಾವಲುಗಾರರು. ಅಂದು ಕುತೂಹಲಕ್ಕೆಂದು ಮೊದಲ ಸಲ ಕ್ಯಾಂಪಿಗೆ ಬಂದಿದ್ದ ಚಂದ್ರಕಾಂತ ಸಾವ್ಕಾರರು ಇದನ್ನು ಸ್ವಲ್ಪ ಹೊತ್ತು ನೋಡಿದರು. ಆ ಮೇಲೆ, "ಇಲ್ಲೇ ಹಿಂದ ನಂದೊಂದು ಇನ್ನೂರು ಗಜದ ಪ್ಲಾಟ್ ಐತಿ. ಕಲ್ಲ ಭಾಳ ಅದಾವ. ನಡೀತದಂದ್ರ ಬರ್ರಿ" ಎಂದರು. ನೂರಾರು ಜನ ಆ ಇನ್ನೂರು ಗಜದ ಸುತ್ತ ನಡೆದು, ನಾಲ್ಕು ಮೂಲೆಗೂ ಚರಗ ಚೆಲ್ಲಿದರು. ಬಳಗದವರೂ ಕಲ್ಲಿನ ಮೇಲೆ ಕೂತು ಉಂಡರು. ಎರಡನೆಯ ಕಣ್ಣಿಗೂ ಆಪರೇಶನ್ ಆಗಿ ಹಸಿರು ಬಟ್ಟೆ ಕಟ್ಟಿಕೊಂಡಿದ್ದ ಹಂಪಯ್ಯನ ತಟ್ಟೆಗೆ ಸಾವ್ಕಾರರೇ ಭಜ್ಜಿ ಬಡಿಸಿದರು. ಮುಂದಿನ ಅಮಾವಾಸ್ಯೆಗಳಿಗೆ ಅಂಗಡಿಯ ಬಾಗಿಲು ಹಾಕಿಕೊಂಡು ಬರಲು ಶುರುಮಾಡಿದರು. ಹೊಸ ಥಾನು ಬಿಚ್ಚದ ದಿನ ಅಂಗಡಿಯಲ್ಲಿ ಕೂತು ಮಾಡುವುದೇನು ಎಂಬುದು ಅವರ ಸಮಜಾಯಿಷಿ.

ಜೂನ್ ಕೊನೆಗೆ ಅಧಿಕಾರ ಒಪ್ಪಿಸುವ ಸಮಾರಂಭ. ಬಳಗದ ಪದ್ಧತಿಯಂತೆ ನಿರ್ಗಮಿಸುವ ಅಧ್ಯಕ್ಷರು ವರ್ಷದ ಸಾಧನೆಯನ್ನು ಅರ್ಧ ಗಂಟೆ ವರ್ಣಿಸಬೇಕು. ಶಿವಶರಣಪ್ಪನವರು ಮೈಕಿನ ಮುಂದೆ ನಿಂತು, "ಭಾಳ ದಣಿದೀನ್ರಿ. ಆದ್ರ ಬರೂ ಅಮಾಸಿ ಜುಲೈ ಆರಕ್ಕ ಐತಿ, ಮರೀಬ್ಯಾಡ್ರಿ" ಎಂದು ಹೇಳಿ ಕೂತುಬಿಟ್ಟರು. ಆ ಮೇಲೆ ಫೋಟೋ ತೆಗೆಯುವಾಗ ಕುರ್ಚಿಯಲ್ಲಿ ಕೂತಲ್ಲೇ ಅವರಿಗೆ ಜೊಂಪು ಹತ್ತಿತು. ಬಳಗದ ಸಭಾಂಗಣದಲ್ಲಿ ಸಾಲಾಗಿ ತೂಗುಹಾಕಿರುವ ಅಧ್ಯಕ್ಷರುಗಳ ಫೋಟೋಗಳಲ್ಲಿ ಕಣ್ಣು ಮುಚ್ಚಿರುವುದು ಅವರೊಬ್ಬರದೇ. ಬೇರೆ ತೆಗೆಸೋಣವೆಂದರೆ, ಇರಲಿ ಬಿಡಿ ಎಂದರು. ಅಧ್ಯಕ್ಷಗಿರಿ ಮುಗಿದ ಮೇಲೂ ಈ ಮೂರು ವರ್ಷ ಅಮಾವಾಸ್ಯೆ ತಪ್ಪಿಸಿಲ್ಲ. ಅಷ್ಟೊಂದು ಕಾಲು ನೋಯಿಸಿದ ವರ್ಷವನ್ನು ಮತ್ತೆ ಕೊಟ್ಟರೆ ಬೇಡವೆನ್ನುತ್ತೀರಾ ಎಂದು ವನಜಾ ಕೇಳಿದಾಗ, ಬೇಡ ಎನ್ನಲು ಬಾಯಿ ತೆರೆದವರು ಮುಂದಿನ ಅಮಾವಾಸ್ಯೆಯ ವ್ಯಾನಿನ ಮಾತೆತ್ತಿದರು.

ಇನ್ನು ಈ ಗ್ರಂಥದ ಬಿಡುಗಡೆಯ ಬಗ್ಗೆ, ತಪ್ಪೊಪ್ಪಿಗೆಯ ರೂಪದಲ್ಲಿ, ಒಂದು ಮಾತು. ನಾಲ್ಕು ವರ್ಷ ಅಮಾವಾಸ್ಯೆ ಎಣಿಸಿದ ಬಳಗದವರು ಅಭಿನಂದನ ಸಮಾರಂಭಕ್ಕೆ ದಿನ ಗೊತ್ತುಮಾಡುವಾಗ ಕ್ಯಾಲೆಂಡರು ನೋಡಿ, ಆಗಸ್ಟ್ ಮೂವತ್ತೊಂದು, ಭಾನುವಾರ, ಎಲ್ಲರಿಗೂ ಅನುಕೂಲ ಎಂದು ಒಮ್ಮತದಿಂದ ತೀರ್ಮಾನಿಸಿ ಆಮಂತ್ರಣ ಪತ್ರಿಕೆಯನ್ನೂ ಅಚ್ಚು ಹಾಕಿಸಿದರು. ಬೆನಕನ ಅಮಾವಾಸ್ಯೆ ಅದರ ಹಿಂದಿನ ದಿನವೇ ಇತ್ತು. ಒಂದು ದಿನ ಹಿಂದಕ್ಕೆ ಸರಿಸಿದ್ದರೆ ಸಾಕಾಗಿತ್ತು, ಆ ಒಂದು ದಿನ ಯಾರ ತಲೆಗೂ ಹೊಳೆಯಲಿಲ್ಲ. ಪತ್ರಿಕೆಯನ್ನು ಬೆಳ್ಳಿ ತಟ್ಟೆಯಲ್ಲಿಟ್ಟುಕೊಂಡು ಹೋದವಳು ಇದೇ ವನಜಾ. ಶಿವಶರಣಪ್ಪನವರು ಕನ್ನಡಕ ಏರಿಸಿ ಓದಿದರು, ಮತ್ತೊಮ್ಮೆ ಓದಿದರು. ಬೇಸರಪಡಲಿಲ್ಲ. "ಐತವಾರ ಗುರುಬಾಯಿಗಿ ಸೂಟಿ ಇರೂದಿಲ್ಲಲ್ರಿ ಮೇಡಂ" ಎಂದರು.

ಅಂದು ಸಂಜೆಯೇ ಸಾವ್ಕಾರರ ಅಂಗಡಿಯಲ್ಲಿ ಕೂತು ಐನೂರು ಪತ್ರಿಕೆಗಳ ಮೇಲೂ ಪೆನ್ನಿನಿಂದ ತಾರೀಖು ತಿದ್ದಲಾಯಿತು. ಆದ್ದರಿಂದ ಈ ಗ್ರಂಥ ಆಗಸ್ಟ್ ಮೂವತ್ತರ ಶನಿವಾರ, ಶ್ರಾವಣ ಬಹುಳ ಅಮಾವಾಸ್ಯೆಯಂದು, ಬೆಳಗಿನ ಕ್ಯಾಂಪು ಮುಗಿದ ಮೇಲೆ ಬಿಡುಗಡೆಯಾಗುತ್ತದೆ. ಶನಿವಾರ, ಮೇಲೆ ಅಮಾವಾಸ್ಯೆ. ಪಂಚಾಂಗ ನೋಡುವವರು ದಯವಿಟ್ಟು ಮನೆಯಲ್ಲಿರಬೇಕು. ಬಿಡುಗಡೆ ಮಾಡುವವಳು ಗುರುಬಾಯಿ.

ಶಿವಶರಣಪ್ಪನವರು ನೂರು ವರ್ಷ ಬಾಳಲಿ. ಅಂದರೆ ಇನ್ನೂ ಐನೂರಕ್ಕೂ ಮಿಕ್ಕಿ ಅಮಾವಾಸ್ಯೆಗಳು. ಇದು ಹಾರೈಕೆಯೋ ಶಿಕ್ಷೆಯೋ ಎಂಬುದನ್ನು ಶೈಲಶ್ರೀಯವರೇ ತೀರ್ಮಾನಿಸಲಿ. ಆ ತಾಯಿಗೂ ಅಷ್ಟೇ ಆಯುಸ್ಸು, ಅದಕ್ಕಿಂತ ಹೆಚ್ಚು ಗಂಟಲು ದೇವರು ಕೊಡಲಿ.

ಕಳೆದ ಅಮಾವಾಸ್ಯೆಗೆ ವನಜಾ ಈ ಪುಸ್ತಕದ ಕರಡು ಹಾಳೆಗಳನ್ನು ಕ್ಯಾಂಪಿಗೆ ಒಯ್ದಿದ್ದಳು. ಗುರುಬಾಯಿ ಸೆರಗಿಗೆ ಕೈ ಒರೆಸಿಕೊಂಡು, "ಓದಾಕ ಬರೂದಿಲ್ರಿ, ನೋಡ್ತೀನಿ ಕೊಡ್ರಿ" ಎಂದು ಇಸಿದುಕೊಂಡಳು. ಒಂದೊಂದೇ ಹಾಳೆ ತಿರುವಿ, ಕಣ್ಣು ಮುಚ್ಚಿದ ಅಧ್ಯಕ್ಷರ ಫೋಟೋ ಬಂದಲ್ಲಿ ನಿಂತಳು. ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಆಚೆ ಶಾಮಿಯಾನದ ಕಂಬಕ್ಕೆ ಒರಗಿ ಶಿವಶರಣಪ್ಪನವರು ಆಗಲೂ ತೂಕಡಿಸುತ್ತಿದ್ದರು. ವ್ಯಾನು ಹೊರಡುವ ಹೊತ್ತಾಗಿತ್ತು, ಅವರನ್ನು ಕರೆಯಲು ವನಜಾ ಎದ್ದಳು. ಗುರುಬಾಯಿ ಆಕೆಯ ಕೈ ಹಿಡಿದು ಕೂರಿಸಿದಳು.

"ಮಲಗ್ಲಿ ಬಿಡ್ರಿ, ದಣಿದಾನ ನಮ್ಮಪ್ಪ. ಮಂದೀನ ನಾ ಹತ್ತಸ್ತೀನಿ" ಎಂದು ಹೇಳಿ, ಹಾಳೆಗಳನ್ನು ಜೋಪಾನವಾಗಿ ಮಡಚಿಕೊಟ್ಟು, ಪೊರೆ ಬಂದ ಕಣ್ಣುಗಳ ಒಂದು ಸಾಲನ್ನು ಕೈಹಿಡಿದು ನಡೆಸಿಕೊಂಡು ವ್ಯಾನಿನ ಕಡೆಗೆ ಹೋದಳು. ಹೆಜ್ಜೆ ಎಣಿಸಲಿಲ್ಲ.